ಅರೆವಾಹಕ ಉದ್ಯಮದಲ್ಲಿ ಎಂಜಿನಿಯರರ ಕಾರ್ಯ ಮತ್ತು ಸಂದರ್ಶನ

ಹಾಸನ ನಗರದ ಸಾಲಗಾಮೆ ರಸ್ತೆಯಲ್ಲಿ ಎರಡು ಸಂಸ್ಥೆಗಳಿವೆ. ಒಂದು, 1960ರಲ್ಲಿ ಪ್ರಾರಂಭವಾದ ಮಲ್ನಾಡ್ ಇಂಜಿನಿಯರಿಂಗ್ ಕಾಲೇಜು. ಮತ್ತೊಂದು, ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು 1982ರಲ್ಲಿ ಸ್ಥಾಪಿಸಿದ ಉಪಗ್ರಹಗಳ ಪ್ರಧಾನ ನಿಯಂತ್ರಣ ಕೇಂದ್ರ. ಸುಮಾರು ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದಲ್ಲಿ, ಭೂಮಿಯೊಡನೆಯೇ ಸುತ್ತುವ ಇನ್ಸಾಟ್ ಸರಣಿಯ ಉಪಗ್ರಹಗಳಿಗೆ ಈ ಕೇಂದ್ರದಿಂದ ಆಜ್ಞೆಗಳು ರವಾನೆಯಾಗುತ್ತವೆ. ಆ ಆಜ್ಞೆಯನ್ನು ಮೇಲೆ ಗ್ರಹಿಸಿ ಕಾರ್ಯರೂಪಕ್ಕೆ ತರುವುದು ಉಗುರಿನಗಲದ ಸಿಲಿಕಾನ್ ಬಿಲ್ಲೆಗಳು. ಕೆಳಗೆ ರಸ್ತೆಯಲ್ಲಿ ನಿಂತು ಅಗಾಧವಾದ ಬಟ್ಟಲಿನಾಕಾರದ ಆಂಟೆನಾಗಳನ್ನು ಬೆರಗಿನಿಂದ ನೋಡುವ ಶಾಲಾಬಾಲಕರಿಗೆ ಈ ಬಿಲ್ಲೆಗಳು ಕಾಣಿಸುವುದಿಲ್ಲ. ದೊಡ್ಡದು ಕಣ್ಣಿಗೆ ಬೀಳುತ್ತದೆ, ಸಣ್ಣದು ಕೆಲಸ ಮಾಡುತ್ತದೆ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಬೆಂಗಳೂರಿಗೆ ಹೋಗಿ ಇಂಥ ಬಿಲ್ಲೆಗಳ ವಿನ್ಯಾಸದಲ್ಲಿ ತೊಡಗಿರುವ ತರುಣ ತರುಣಿಯರು ಇದ್ದಾರೆ. ಹಬ್ಬಕ್ಕೆ ಊರಿಗೆ ಬಂದಾಗ ‘ನಿನ್ನ ಕೆಲಸ ಏನಪ್ಪ?’ ಎಂದು ಹಿರಿಯರು ಕೇಳಿದರೆ ‘ಕಂಪ್ಯೂಟರ್ ಕೆಲಸ ಅಜ್ಜಿ’ ಎಂದು ಹೇಳಿ ಮುಗಿಸಿಬಿಡುವುದು ರೂಢಿ. ಆ ಉತ್ತರದಲ್ಲಿ ಸುಳ್ಳಿಲ್ಲ, ಆದರೆ ಸತ್ಯವೂ ಅರ್ಧದಷ್ಟೇ ಇದೆ. ಇದರ ಪರಿಣಾಮವಾಗಿ ಆ ಊರುಗಳ ಪ್ರೌಢಶಾಲೆಯ ಉಪಾಧ್ಯಾಯರಿಗಾಗಲಿ, ವಿದ್ಯಾರ್ಥಿವೇತನ ನೀಡುವ ಮಹನೀಯರಿಗಾಗಲಿ ಈ ಉದ್ಯಮದ ಸ್ವರೂಪ ಸ್ಪಷ್ಟವಾಗಿ ತಿಳಿಯದೆ ಉಳಿದಿದೆ. ತಿಳಿಯದ ದಾರಿಗೆ ಮಕ್ಕಳನ್ನು ಕಳುಹಿಸುವವರು ಯಾರು? ಎಲೆಕ್ಟ್ರಾನಿಕ್ಸ್ ಓದಿದವನು ಕೊನೆಗೆ ಯಾವುದೋ ತಂತ್ರಾಂಶ ಕಂಪನಿಯಲ್ಲಿ, ತಾನು ನಾಲ್ಕು ವರ್ಷ ಓದಿದ್ದಕ್ಕೆ ಸಂಬಂಧವೇ ಇಲ್ಲದ ಕೆಲಸಕ್ಕೆ ಸೇರುವುದಕ್ಕೆ ಈ ಅಜ್ಞಾನವೂ ಒಂದು ಕಾರಣ.

ಮೊದಲು ಅರೆವಾಹಕವೆಂದರೇನು ಎಂಬುದನ್ನು ನೋಡಬೇಕು. ತಾಮ್ರ ವಿದ್ಯುತ್ತನ್ನು ಸರಾಗವಾಗಿ ಹರಿಯಗೊಡುತ್ತದೆ, ಗಾಜು ಹರಿಯಗೊಡುವುದಿಲ್ಲ. ಇವೆರಡರ ನಡುವಿನ ಸ್ವಭಾವದ್ದು ಸಿಲಿಕಾನ್. ಮರಳಿನಲ್ಲಿ ಆಮ್ಲಜನಕದೊಡನೆ ಕೂಡಿಕೊಂಡಿರುವ ಈ ಮೂಲವಸ್ತುವನ್ನು ಬೇರ್ಪಡಿಸಿ, ಶತಕೋಟಿ ಪರಮಾಣುಗಳಲ್ಲಿ ಒಂದರಷ್ಟೂ ಕಲ್ಮಷ ಉಳಿಯದಂತೆ ಶುದ್ಧಿಮಾಡುತ್ತಾರೆ. ಹಾಗೆ ಶುದ್ಧಿಮಾಡಿದ ಮೇಲೆ, ಬೇಕೆಂದೇ ಅತ್ಯಲ್ಪ ಪ್ರಮಾಣದಲ್ಲಿ ರಂಜಕವನ್ನೋ ಬೋರಾನನ್ನೋ ಬೆರೆಸುತ್ತಾರೆ. ಕೊಡ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿದರೆ ಹಾಲಿನ ಗುಣವೇ ಬದಲಾಗುವಂತೆ, ಈ ಅಲ್ಪ ಬೆರಕೆಯಿಂದ ಸಿಲಿಕಾನಿನ ಗುಣ ಬದಲಾಗುತ್ತದೆ. ಸಿಲಿಕಾನ್ ಪರಮಾಣುವಿನ ಹೊರಕವಚದಲ್ಲಿ ನಾಲ್ಕು ಎಲೆಕ್ಟ್ರಾನುಗಳಿವೆ, ರಂಜಕದಲ್ಲಿ ಐದು, ಬೋರಾನಿನಲ್ಲಿ ಮೂರು. ಹೆಚ್ಚಾದ ಒಂದು ಎಲೆಕ್ಟ್ರಾನು ಒಂದು ಬಗೆಯ ವಾಹಕವಾಗುತ್ತದೆ, ಕೊರತೆಯಾದ ಒಂದು ಸ್ಥಾನ ಮತ್ತೊಂದು ಬಗೆಯ ವಾಹಕವಾಗುತ್ತದೆ. ಈ ಎರಡು ಬಗೆಯ ಸಿಲಿಕಾನನ್ನು ಅಕ್ಕಪಕ್ಕ ಜೋಡಿಸಿ ಟ್ರಾನ್ಸಿಸ್ಟರನ್ನು ರಚಿಸುತ್ತಾರೆ.

ಟ್ರಾನ್ಸಿಸ್ಟರಿನ ಕೆಲಸವನ್ನು ಹೇಮಾವತಿ ನಾಲೆಯ ಬಯಲಿನವರಿಗೆ ವಿವರಿಸುವುದು ಕಷ್ಟವಲ್ಲ. ಅದೊಂದು ತೂಬು. ಗೊರೂರಿನ ಜಲಾಶಯದಿಂದ ಹೊರಟ ನೀರು ನಾಲೆಯಲ್ಲಿ ಹರಿಯಬೇಕೋ ನಿಲ್ಲಬೇಕೋ ಎಂಬುದನ್ನು ತೂಬಿನ ಹಲಗೆ ನಿರ್ಧರಿಸುತ್ತದೆ. ಇಲ್ಲಿ ಹಲಗೆಯ ಸ್ಥಾನದಲ್ಲಿರುವುದು ‘ಗೇಟ್’ ಎಂಬ ತುದಿ; ಅದನ್ನು ಎತ್ತುವುದು ಕೈಯಲ್ಲ, ಇನ್ನೊಂದು ವಿದ್ಯುತ್ ಒತ್ತಡ. ಒಂದು ತೂಬಿನಿಂದ ಹರಿದದ್ದೇ ಮತ್ತೊಂದು ತೂಬಿನ ಹಲಗೆಯನ್ನು ಎತ್ತುವಂತೆ ಜೋಡಿಸಿದರೆ, ತೂಬುಗಳೇ ತೂಬುಗಳನ್ನು ಆಳುವ ಒಂದು ವ್ಯವಸ್ಥೆ ಸಿದ್ಧವಾಗುತ್ತದೆ. ಗಣಕಯಂತ್ರವೆಂಬುದು ಇಷ್ಟೇ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಬಾರ್ಡೀನ್, ಬ್ರಾಟೈನ್, ಶಾಕ್ಲಿ ಎಂಬ ವಿಜ್ಞಾನಿಗಳ ತಂಡ 1947ರ ಡಿಸೆಂಬರಿನಲ್ಲಿ ಮೊದಲ ಟ್ರಾನ್ಸಿಸ್ಟರನ್ನು ತೋರಿಸಿಕೊಟ್ಟಿತು. 1958ರಲ್ಲಿ ಜ್ಯಾಕ್ ಕಿಲ್ಬಿ ಹಲವು ಘಟಕಗಳನ್ನು ಒಂದೇ ತುಣುಕಿನಲ್ಲಿ ಅಡಕಮಾಡಿದನು. 1971ರಲ್ಲಿ ಇಂಟೆಲ್ ಕಂಪನಿಯ 4004 ಎಂಬ ಬಿಲ್ಲೆಯಲ್ಲಿ ಸುಮಾರು 2,300 ಟ್ರಾನ್ಸಿಸ್ಟರುಗಳಿದ್ದವು. 2020ರಲ್ಲಿ ಆಪಲ್ ಕಂಪನಿಯು ಹೊರತಂದ ಎಂ-1 ಬಿಲ್ಲೆಯಲ್ಲಿ 1,600 ಕೋಟಿ. ಒಂದು ಬಿಲ್ಲೆಯೊಳಗೆ ಭೂಮಿಯ ಜನಸಂಖ್ಯೆಯ ಇಮ್ಮಡಿಯಷ್ಟು ತೂಬುಗಳಿವೆಯೆಂದಾಯಿತು.

ಕರ್ನಾಟಕಕ್ಕೆ ಈ ವಿದ್ಯೆ ಹೊಸದಲ್ಲ. 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು 1962ರಲ್ಲಿ ಜರ್ಮೇನಿಯಂ ಅರೆವಾಹಕಗಳನ್ನು, 1967ರಲ್ಲಿ ಸಿಲಿಕಾನ್ ಸಾಧನಗಳನ್ನೂ ಸಂಕಲಿತ ವಿದ್ಯುನ್ಮಂಡಲಗಳನ್ನೂ ತಯಾರಿಸತೊಡಗಿತು. ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನ ವಿಜ್ಞಾನಿ ಎ. ಆರ್. ವಾಸುದೇವಮೂರ್ತಿಯವರು ಅತಿಶುದ್ಧ ಸಿಲಿಕಾನನ್ನು ದೇಶದಲ್ಲಿಯೇ ತಯಾರಿಸುವ ವಿಧಾನಕ್ಕಾಗಿ ಶ್ರಮಿಸಿದರು. ಅದರ ಆಧಾರದ ಮೇಲೆ ತಮಿಳುನಾಡಿನ ಮೆಟ್ಟೂರಿನಲ್ಲಿ ಕಾರ್ಖಾನೆಯೊಂದು ನಡೆಯಿತು. ಹೇಮಾವತಿಯ ನೀರು ಕಾವೇರಿಯನ್ನು ಕೂಡಿ ಹೋಗಿ ನಿಲ್ಲುವುದೂ ಅದೇ ಮೆಟ್ಟೂರಿನಲ್ಲಿ ಎಂಬುದು ಪ್ರಾಸಂಗಿಕವಾಗಿ ನೆನಪಾಗುವ ಸಂಗತಿ. ಪಂಜಾಬಿನ ಮೊಹಾಲಿಯಲ್ಲಿ ಕೇಂದ್ರ ಸರ್ಕಾರವು ನಡೆಸುತ್ತಿದ್ದ ಅರೆವಾಹಕ ಸಂಕೀರ್ಣವು 1984ರಲ್ಲಿ ಉತ್ಪಾದನೆ ಆರಂಭಿಸಿತಾದರೂ 1989ರ ಅಗ್ನಿ ಆಕಸ್ಮಿಕದಲ್ಲಿ ಬಹುಪಾಲು ಸುಟ್ಟುಹೋಯಿತು. ಅದು ಮತ್ತೆ ತಲೆಯೆತ್ತಲು ವರ್ಷಗಳೇ ಹಿಡಿದವು. ಆ ನಷ್ಟ ಕಟ್ಟಡದ್ದಷ್ಟೇ ಆಗಿರಲಿಲ್ಲ. ಅಷ್ಟರಲ್ಲಿ ಪೂರ್ವ ಏಷ್ಯದ ರಾಷ್ಟ್ರಗಳು ಬಹುದೂರ ಮುಂದೆ ಸಾಗಿದ್ದವು.

ಬೆಂಗಳೂರಿನ ಭಾಗ್ಯ ತೆರೆದುಕೊಂಡದ್ದು ಬೇರೊಂದು ಬಾಗಿಲಿನಿಂದ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯು ಇಲ್ಲಿ ವಿನ್ಯಾಸಕೇಂದ್ರವನ್ನು ತೆರೆದು, ಉಪಗ್ರಹದ ಮೂಲಕ ಅಮೆರಿಕದೊಡನೆ ನೇರ ಸಂಪರ್ಕ ಕಲ್ಪಿಸಿಕೊಂಡಿತು. ಆ ಸಂಪರ್ಕದ ಆಂಟೆನಾ ಎತ್ತಿನ ಗಾಡಿಯ ಮೇಲೆ ಬಂದಿತೆಂಬುದನ್ನು ಈ ಉದ್ಯಮದವರು ಇಂದಿಗೂ ನೆನೆಯುತ್ತಾರೆ. ಎರಡು ವರ್ಷಗಳ ತರುವಾಯ, 1987ರಲ್ಲಿ, ತೈವಾನಿನಲ್ಲಿ ಟಿ.ಎಸ್.ಎಂ.ಸಿ. ಎಂಬ ಕಂಪನಿಯು ಸ್ಥಾಪಿತವಾಯಿತು. ಅದರ ಪದ್ಧತಿ ವಿಶಿಷ್ಟವಾದದ್ದು: ತಾನು ಸ್ವಂತ ವಿನ್ಯಾಸ ಮಾಡದೆ, ಇತರರ ವಿನ್ಯಾಸವನ್ನು ತಯಾರಿಸಿಕೊಡುವುದು. ಮುದ್ರಣಾಲಯವೇ ಇಲ್ಲದವನು ಗ್ರಂಥವನ್ನು ಬರೆದು ಅಚ್ಚು ಹಾಕಿಸಿದಂತೆ, ಕಾರ್ಖಾನೆಯಿಲ್ಲದವನೂ ಬಿಲ್ಲೆಯನ್ನು ರೂಪಿಸಿ ತಯಾರಿಸಿಕೊಳ್ಳಬಹುದಾಯಿತು. ಸಾವಿರಾರು ಕೋಟಿ ರೂಪಾಯಿಯ ಕಾರ್ಖಾನೆಯಿಲ್ಲದ ಬೆಂಗಳೂರು ವಿನ್ಯಾಸದ ರಾಜಧಾನಿಯಾದದ್ದು ಈ ಪದ್ಧತಿಯಿಂದಲೇ. ಇಂಟೆಲ್, ಕ್ವಾಲ್‌ಕಾಂ, ಎ.ಎಂ.ಡಿ., ಎನ್.ಎಕ್ಸ್.ಪಿ., ಅನಲಾಗ್ ಡಿವೈಸಸ್, ಸ್ಯಾಮ್‌ಸಂಗ್ ಮೊದಲಾದವು ಇಲ್ಲಿ ಕೇಂದ್ರಗಳನ್ನು ತೆರೆದವು. ಪ್ರಪಂಚದ ಬಿಲ್ಲೆ ವಿನ್ಯಾಸಕಾರರಲ್ಲಿ ಸುಮಾರು ಐದನೆಯ ಒಂದು ಪಾಲು ಭಾರತದಲ್ಲಿದ್ದಾರೆಂದು ಕೇಂದ್ರ ಸರ್ಕಾರವು ಹೇಳುತ್ತದೆ. ತಯಾರಿಕೆಯ ಕೊರತೆಯನ್ನು ತುಂಬಲು ಸರ್ಕಾರವು 2021ರ ಡಿಸೆಂಬರಿನಲ್ಲಿ 76,000 ಕೋಟಿ ರೂಪಾಯಿಯ ಯೋಜನೆಯನ್ನು ಘೋಷಿಸಿತು. 2024ರ ಮಾರ್ಚಿಯಲ್ಲಿ ಗುಜರಾತಿನ ಧೋಲೇರಾ, ಸಾನಂದ ಹಾಗೂ ಅಸ್ಸಾಮಿನ ಮೊರಿಗಾಂವ್‌ಗಳಲ್ಲಿ ಘಟಕಗಳಿಗೆ ಶಂಕುಸ್ಥಾಪನೆಯಾಯಿತು.

ಇನ್ನು ಎಂಜಿನಿಯರು ದಿನವೂ ಮಾಡುವ ಕೆಲಸವೇನು? ಒಂದು ಬಿಲ್ಲೆ ಹುಟ್ಟುವುದಕ್ಕೆ ಹಲವು ಕೈಗಳು ಬೇಕು. ಮೊದಲನೆಯವನು ತರ್ಕವಿನ್ಯಾಸಕಾರ. ಬಿಲ್ಲೆ ಏನು ಮಾಡಬೇಕೆಂಬುದನ್ನು ಅವನು ವೆರಿಲಾಗ್ ಎಂಬ ಭಾಷೆಯಲ್ಲಿ ಬರೆಯುತ್ತಾನೆ. ನೋಡಲು ಅದು ಗಣಕದ ಕಾರ್ಯಕ್ರಮದಂತೆಯೇ ಇದ್ದರೂ ವಸ್ತುತಃ ಬೇರೆ. ಕಾರ್ಯಕ್ರಮದ ಸಾಲುಗಳು ಒಂದಾದ ಮೇಲೊಂದು ನಡೆಯುತ್ತವೆ, ವೆರಿಲಾಗಿನ ಸಾಲುಗಳು ಏಕಕಾಲದಲ್ಲಿ ನಡೆಯುವ ಯಂತ್ರಭಾಗಗಳನ್ನು ವರ್ಣಿಸುತ್ತವೆ. ಈ ಭೇದವನ್ನು ಅರಿಯದೆ ಬಂದವರು ಸಂದರ್ಶನದ ಮೊದಲ ಹತ್ತು ನಿಮಿಷಗಳಲ್ಲಿಯೇ ಎಡವುತ್ತಾರೆ.

ಎರಡನೆಯದು ಪರಿಶೀಲನೆ. ಹೊರಗಿನವರಿಗೆ ಇದು ಕೀಳುದರ್ಜೆಯ ಕೆಲಸವೆಂದು ತೋರುವುದುಂಟು; ವಿದ್ಯಾರ್ಥಿಗಳಲ್ಲಿಯೂ ‘ವಿನ್ಯಾಸವೇ ಶ್ರೇಷ್ಠ’ ಎಂಬ ಭ್ರಮೆಯಿದೆ. ಬೇಲೂರು, ಹಳೇಬೀಡುಗಳ ನಾಡಿನವರು ಹೀಗೆ ಭಾವಿಸಬಾರದು. ಉಳಿಯ ಒಂದು ಪೆಟ್ಟು ತಪ್ಪಿದರೆ ಮದನಿಕೆಯ ಮೂಗಿಗೆ ಮತ್ತೆ ಕಲ್ಲನ್ನು ಅಂಟಿಸಲಾಗದು. ಬಿಲ್ಲೆಯ ಪ್ರಕರಣವೂ ಅಂತೆಯೇ. ತಂತ್ರಾಂಶದಲ್ಲಿ ದೋಷ ಕಂಡರೆ ಮರುದಿನ ತಿದ್ದಿ ಕಳುಹಿಸಬಹುದು. ಸಿಲಿಕಾನಿನಲ್ಲಿ ಕೆತ್ತಿದ ಮೇಲೆ ತಿದ್ದುವುದು ಬಹುಮಟ್ಟಿಗೆ ಅಸಾಧ್ಯ. ಹೊಸದಾಗಿ ಅಚ್ಚುಗಳನ್ನು ಮಾಡಿಸಬೇಕು, ಕೋಟಿಗಟ್ಟಲೆ ಹಣ ತೆರಬೇಕು, ತಿಂಗಳುಗಟ್ಟಲೆ ಕಾಯಬೇಕು. 1994ರಲ್ಲಿ ಇಂಟೆಲ್ ಕಂಪನಿಯ ಪೆಂಟಿಯಂ ಬಿಲ್ಲೆಯು ಕೆಲವು ಭಾಗಾಕಾರಗಳಲ್ಲಿ ತಪ್ಪು ಉತ್ತರ ಕೊಡುವುದು ಬೆಳಕಿಗೆ ಬಂದಿತು. ಒಳಗಿನ ಒಂದು ಕೋಷ್ಟಕದಲ್ಲಿ ಐದು ಸ್ಥಾನಗಳು ಖಾಲಿ ಉಳಿದಿದ್ದವು, ಅಷ್ಟೇ. ಬಿಲ್ಲೆಗಳನ್ನು ಬದಲಾಯಿಸಿಕೊಡುವ ಲೆಕ್ಕದಲ್ಲಿ ಕಂಪನಿಯು 47.5 ಕೋಟಿ ಡಾಲರನ್ನು ನಷ್ಟಕ್ಕೆ ಬರೆದುಕೊಳ್ಳಬೇಕಾಯಿತು. ಹೀಗಾಗಿ ಒಂದು ಬಿಲ್ಲೆಯ ಶ್ರಮದಲ್ಲಿ ಅರ್ಧಕ್ಕಿಂತ ಮಿಗಿಲಾದ ಭಾಗ ಪರಿಶೀಲನೆಗೇ ಮೀಸಲು. ಪರಿಶೀಲಕನು ವಿನ್ಯಾಸಕಾರನ ಬರಹವನ್ನು ನಂಬದೆ, ಮೂಲ ಉದ್ದೇಶಪತ್ರವನ್ನು ತಾನೇ ಓದಿ, ಗಣಕದಲ್ಲಿ ಆ ಬಿಲ್ಲೆಯ ನೆರಳನ್ನು ನಿರ್ಮಿಸಿ, ಲಕ್ಷಾಂತರ ಸನ್ನಿವೇಶಗಳನ್ನು ಅದರ ಮುಂದೊಡ್ಡಿ, ಎಲ್ಲಿ ಮುರಿಯುತ್ತದೆಂದು ಹುಡುಕುತ್ತಾನೆ. ಸ್ವಭಾವತಃ ಸಂಶಯಶೀಲರೂ ತಾಳ್ಮೆಯುಳ್ಳವರೂ ಆದವರಿಗೆ ಇದು ಹೇಳಿ ಮಾಡಿಸಿದ ವೃತ್ತಿ. ಹೊಸಬರಿಗೆ ಹೆಚ್ಚು ಸ್ಥಾನಗಳು ದೊರೆಯುವುದೂ ಇಲ್ಲಿಯೇ.

ತರ್ಕವು ಸಿದ್ಧವಾದ ಮೇಲೆ ಅದನ್ನು ನೆಲದ ಮೇಲೆ ಇಳಿಸಬೇಕು. ಕೋಟ್ಯಂತರ ಟ್ರಾನ್ಸಿಸ್ಟರುಗಳನ್ನು ಎಲ್ಲೆಲ್ಲಿ ಕೂರಿಸಬೇಕು, ತಂತಿಗಳನ್ನು ಯಾವ ಪದರದಲ್ಲಿ ಎಳೆಯಬೇಕು, ಎಲ್ಲ ಮೂಲೆಗೂ ವಿದ್ಯುತ್ತು ಸಮನಾಗಿ ತಲಪುವುದೇ ಎಂಬುದನ್ನು ನೋಡುವವನು ಭೌತಿಕ ವಿನ್ಯಾಸಕಾರ. ನಾಲೆಯ ಕೊನೆಯ ಹೊಲಕ್ಕೆ ನೀರು ತಲಪದ ಸಂಕಟ ಅವನಿಗೂ ಇದೆ. ಧ್ವನಿ, ಉಷ್ಣ, ರೇಡಿಯೋ ಅಲೆಗಳಂಥ ನಿಸರ್ಗದ ಏರಿಳಿತಗಳನ್ನು ನೇರವಾಗಿ ನಿರ್ವಹಿಸುವ ಅನಲಾಗ್ ವಿನ್ಯಾಸವು ಪ್ರತ್ಯೇಕ ಶಾಖೆ. ಅಲ್ಲಿ ಪಳಗಲು ಹತ್ತು ವರ್ಷ ಬೇಕೆನ್ನುತ್ತಾರೆ. ತಯಾರಾಗಿ ಬಂದ ಬಿಲ್ಲೆಯನ್ನು ಮೇಜಿನ ಮೇಲಿಟ್ಟು ಅಳೆಯುವವರು, ಅದಕ್ಕೆ ತಂತ್ರಾಂಶ ಬರೆಯುವವರು, ಗ್ರಾಹಕರ ಬಳಿ ಹೋಗಿ ವಿವರಿಸುವವರು ಬೇರೆ ಬೇರೆ. ಕಾರ್ಖಾನೆಯಲ್ಲಿ ದುಡಿಯುವವರ ಜೀವನ ಇದಕ್ಕಿಂತ ಭಿನ್ನ. ಅಲ್ಲಿನ ಅತಿಶುದ್ಧ ಕೊಠಡಿಗಳ ಪ್ರಮಾಣವೆಂದರೆ, ಒಂದು ಘನ ಅಡಿ ಗಾಳಿಯಲ್ಲಿ ಅರ್ಧ ಮೈಕ್ರಾನ್ ಗಾತ್ರದ ಧೂಳಿನ ಕಣ ಒಂದಕ್ಕಿಂತ ಹೆಚ್ಚಿರಕೂಡದು. ಅಡಿಯಿಂದ ಮುಡಿಯವರೆಗೆ ಬಿಳಿಯ ಉಡುಪು ಧರಿಸಿ, ಪಾಳಿಯ ಮೇಲೆ ದುಡಿಯಬೇಕು. ಎಂಜಿನಿಯರರಲ್ಲದೆ ಡಿಪ್ಲೊಮಾ ಪಡೆದವರಿಗೂ ಅಲ್ಲಿ ಸ್ಥಾನವಿದೆ.

ವಿನ್ಯಾಸವೆಲ್ಲ ಮುಗಿದು ಕಾರ್ಖಾನೆಗೆ ಕಳುಹಿಸುವ ದಿನವನ್ನು ‘ಟೇಪ್‌ಔಟ್’ ಎನ್ನುತ್ತಾರೆ.  ಆ ದಿನ ಸಮೀಪಿಸಿದಂತೆ ಕಚೇರಿಯಲ್ಲಿ ಹೆಣ್ಣಿನ ಮದುವೆಯ ಮನೆಯ ಗಡಿಬಿಡಿ. ರಾತ್ರಿ ಹನ್ನೊಂದಕ್ಕೆ ಅಮೆರಿಕದವರೊಡನೆ ದೂರವಾಣಿ ಸಭೆ, ಭಾನುವಾರವೂ ಕೆಲಸ. ಸಂಬಳದ ಸುದ್ದಿ ಊರಿಗೆ ಬೇಗ ಮುಟ್ಟುತ್ತದೆ, ಈ ಸುದ್ದಿ ಮುಟ್ಟುವುದಿಲ್ಲ. ಇದಲ್ಲದೆ ಈ ಉದ್ಯಮಕ್ಕೆ ಆಲೂಗೆಡ್ಡೆಯ ಪೇಟೆಯಂತೆ ಏರಿಳಿತಗಳಿವೆ. ಬೇಡಿಕೆ ಏರಿದ ವರ್ಷ ಎಲ್ಲರೂ ಬೇಕು. ಇಳಿದ ವರ್ಷ ನೇಮಕಾತಿ ನಿಲ್ಲುತ್ತದೆ, ಕೆಲವೊಮ್ಮೆ ಇದ್ದವರಿಗೂ ಸಂಚಕಾರ. ಸಾಲ ಮಾಡಿ ಓದಿಸುವ ಹೆತ್ತವರು ಇದನ್ನು ಮೊದಲೇ ತಿಳಿದಿರುವುದು ಒಳಿತು.

ಆಯ್ಕೆಯ ಕ್ರಮವು ಹೀಗಿದೆ. ದೊಡ್ಡ ಕಂಪನಿಗಳು ಕೆಲವು ಕಾಲೇಜುಗಳಿಗೆ ತಾವೇ ಬಂದು ಪರೀಕ್ಷೆ ನಡೆಸುತ್ತವೆ. ಜಿಲ್ಲಾಕೇಂದ್ರದ ಕಾಲೇಜುಗಳಿಗೆ ತಂತ್ರಾಂಶ ಕಂಪನಿಗಳು ಬಂದಷ್ಟು ಸಲೀಸಾಗಿ ಇವು ಬರುವುದಿಲ್ಲ. ಹೀಗಾಗಿ ಅನೇಕರಿಗೆ ಉಳಿಯುವ ದಾರಿ ಎರಡು. ಗೇಟ್ ಪರೀಕ್ಷೆಯಲ್ಲಿ ಉತ್ತಮ ಸ್ಥಾನ ಪಡೆದು ಎಂ.ಟೆಕ್. ಪದವಿಗೆ ಒಳ್ಳೆಯ ಸಂಸ್ಥೆಯನ್ನು ಸೇರುವುದು ಒಂದು. ವಿದ್ಯಾಭ್ಯಾಸದ ಕಡೆಯ ವರ್ಷದಲ್ಲಿ ತರಬೇತಿ ಅಭ್ಯರ್ಥಿಯಾಗಿ ಸೇರಿ ಅಲ್ಲಿಯೇ ಖಾಯಂ ಆಗುವುದು ಮತ್ತೊಂದು. ಪರಿಚಿತರಾದ ಹಿರಿಯ ವಿದ್ಯಾರ್ಥಿಗಳ ಶಿಫಾರಸಿನಿಂದ ಅರ್ಜಿ ಕಣ್ಣಿಗೆ ಬೀಳುವುದುಂಟು. ಆದರೆ ಶಿಫಾರಸು ಬಾಗಿಲವರೆಗೆ ಮಾತ್ರ ಬರುತ್ತದೆ, ಒಳಗೆ ಬರುವುದಿಲ್ಲ.

ಮೊದಲು ಲಿಖಿತ ಪರೀಕ್ಷೆ. ಅದರಲ್ಲಿ ಸಾಮಾನ್ಯ ಗಣಿತ, ಅಂಕೀಯ ವಿದ್ಯುನ್ಮಂಡಲಗಳು, ಸಿ ಭಾಷೆಯ ಪ್ರಶ್ನೆಗಳಿರುತ್ತವೆ. ತೇರ್ಗಡೆಯಾದವರಿಗೆ ಎರಡು ಮೂರು ಸುತ್ತು ತಾಂತ್ರಿಕ ಸಂದರ್ಶನ, ಕಡೆಗೆ ವ್ಯಕ್ತಿತ್ವ ಸಂಬಂಧವಾದ ಮಾತುಕತೆ. ಅರಕಲಗೂಡಿನ ಅಭ್ಯರ್ಥಿಯೊಬ್ಬ ನಸುಕಿನ ಬಸ್ಸು ಹಿಡಿದು, ಹೊಳೆನರಸೀಪುರ, ಚನ್ನರಾಯಪಟ್ಟಣಗಳನ್ನು ದಾಟಿ, ಬೆಂಗಳೂರಿನ ಆಚೆ ತುದಿಯ ಗಾಜಿನ ಕಟ್ಟಡವನ್ನು ತಲಪುವ ಹೊತ್ತಿಗೆ ಅರ್ಧ ಸೋತಿರುತ್ತಾನೆ. ಸಾಧ್ಯವಾದಲ್ಲಿ ಹಿಂದಿನ ರಾತ್ರಿಯೇ ಪರಿಚಿತರ ಮನೆಯಲ್ಲಿ ತಂಗುವುದು ಮೇಲು. ಮೊದಲ ಸುತ್ತನ್ನು ಗಣಕದ ಪರದೆಯ ಮೂಲಕವೇ ನಡೆಸುವ ಪದ್ಧತಿ ಈಚೆಗೆ ಹೆಚ್ಚಾಗಿರುವುದು ಇಂಥವರಿಗೆ ಉಪಕಾರವಾಗಿದೆ.

ಸಂದರ್ಶನದಲ್ಲಿ ಕೇಳುವುದೇನು? ಕಠಿಣವಾದದ್ದನ್ನು ಕೇಳುತ್ತಾರೆಂಬುದು ಹೊರಗಿನ ನಂಬಿಕೆ. ವಾಸ್ತವವಾಗಿ ಸರಳವಾದದ್ದನ್ನೇ ಕೇಳಿ, ಅದರ ಬುಡದವರೆಗೆ ಇಳಿಯುತ್ತಾರೆ. ಅತ್ಯಂತ ಪ್ರಚಲಿತವಾದ ಒಂದು ಪ್ರಶ್ನೆ ಇನ್ವರ್ಟರಿನದು. ಇದರಲ್ಲಿ ಎರಡು ತೂಬುಗಳಿವೆ. ಮೇಲಿನದು ಪಿ-ಬಗೆಯದು, ವಿದ್ಯುತ್ ಮೂಲಕ್ಕೆ ಸೇರಿದ್ದು; ಕೆಳಗಿನದು ಎನ್-ಬಗೆಯದು, ಭೂಮಿಗೆ ಸೇರಿದ್ದು. ಒಂದು ತೆರೆದಾಗ ಇನ್ನೊಂದು ಮುಚ್ಚಿರುತ್ತದೆ. ಆದ್ದರಿಂದ ಸುಮ್ಮನಿರುವಾಗ ವಿದ್ಯುತ್ತು ಬಹುತೇಕ ಪೋಲಾಗುವುದಿಲ್ಲ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ‘ಹಾಗಾದರೆ ಮೇಲಿನ ಟ್ರಾನ್ಸಿಸ್ಟರನ್ನು ಕೆಳಗಿನದಕ್ಕಿಂತ ಅಗಲವಾಗಿ ಏಕೆ ಮಾಡುತ್ತಾರೆ?’ ಎಂದಾಗ ಅರ್ಧದಷ್ಟು ಜನ ಮೌನ. ಪಿ-ಬಗೆಯಲ್ಲಿ ಚಲಿಸುವ ವಾಹಕಗಳು ಎಲೆಕ್ಟ್ರಾನುಗಳಿಗಿಂತ ಎರಡು ಮೂರು ಪಟ್ಟು ನಿಧಾನ; ನೀರು ನಿಧಾನವಾಗಿ ಹರಿಯುವ ಕಡೆ ನಾಲೆಯನ್ನು ಅಗಲಮಾಡಿದರೆ ಮಾತ್ರ ಎರಡೂ ಕಡೆ ಸಮಪ್ರಮಾಣದ ಹರಿವು ಸಿಗುತ್ತದೆ. ಕಂಠಪಾಠ ಮಾಡಿದವನಿಗೂ ತಿಳಿದವನಿಗೂ ಇರುವ ಅಂತರ ಈ ಎರಡನೆಯ ಪ್ರಶ್ನೆಯಲ್ಲಿ ಬಯಲಾಗುತ್ತದೆ.

ಇನ್ನೊಂದು, ಸೆಟಪ್ ಕಾಲ ಮತ್ತು ಹೋಲ್ಡ್ ಕಾಲಗಳದು. ಬಿಲ್ಲೆಯೊಳಗೆ ಒಂದು ಗಡಿಯಾರದ ಮಿಡಿತವಿದ್ದು, ಪ್ರತಿ ಮಿಡಿತಕ್ಕೂ ಫ್ಲಿಪ್‌ಫ್ಲಾಪ್ ಎಂಬ ಘಟಕವು ತನ್ನ ಮುಂದಿರುವ ಸಂಕೇತವನ್ನು ಹಿಡಿದಿಟ್ಟುಕೊಳ್ಳುತ್ತದೆ. ಶಾಲೆಯ ವಾರ್ಷಿಕ ಸಮೂಹಚಿತ್ರವನ್ನು ತೆಗೆಯುವಾಗ ಕ್ಯಾಮೆರಾ ಕ್ಲಿಕ್ಕೆನ್ನುವುದಕ್ಕೆ ತುಸು ಮೊದಲೇ ಎಲ್ಲರೂ ಅಲುಗದೆ ನಿಂತಿರಬೇಕು, ಕ್ಲಿಕ್ಕೆಂದ ಮೇಲೂ ಕ್ಷಣಕಾಲ ಹಾಗೆಯೇ ಇರಬೇಕು. ಇಲ್ಲವಾದರೆ ಮುಖ ಮಸುಕು. ಮೊದಲ ಅವಧಿ ಸೆಟಪ್, ಎರಡನೆಯದು ಹೋಲ್ಡ್. ಇದು ವ್ಯಾಖ್ಯೆಯಾಯಿತು. ಸಂದರ್ಶಕರು ಮುಂದೆ ಕೇಳುವುದು: ‘ಬಿಲ್ಲೆ ತಯಾರಾಗಿ ಬಂದ ಮೇಲೆ ದೋಷ ಕಂಡಿತು. ಗಡಿಯಾರವನ್ನು ನಿಧಾನಮಾಡಿದರೆ ಯಾವುದು ಸರಿಹೋಗುತ್ತದೆ?’ ಸೆಟಪ್ ದೋಷ ಸರಿಹೋಗುತ್ತದೆ, ಏಕೆಂದರೆ ತಡವಾಗಿ ಬರುವ ಸಂಕೇತಕ್ಕೆ ಹೆಚ್ಚಿನ ಸಮಯ ದೊರೆಯಿತು. ಹೋಲ್ಡ್ ದೋಷ ಸರಿಹೋಗುವುದಿಲ್ಲ. ಒಂದೇ ಮಿಡಿತದಲ್ಲಿ ಹಿಂದಿನ ಘಟಕದಿಂದ ಹೊರಟ ಹೊಸ ಸಂಕೇತವು ಅತಿಶೀಘ್ರವಾಗಿ ಬಂದು ಹಳೆಯದನ್ನು ಅಳಿಸಿಬಿಡುವುದೇ ಆ ದೋಷದ ಮೂಲ. ಮುಂದಿನ ಮಿಡಿತ ಎಷ್ಟು ತಡವಾಗಿ ಬಂದರೂ ಅದಕ್ಕೆ ಸಂಬಂಧವಿಲ್ಲ. ಮೊದಲ ಬಗೆಯ ಬಿಲ್ಲೆಯನ್ನು ಕಡಿಮೆ ವೇಗದ್ದೆಂದು ಮಾರಬಹುದು, ಎರಡನೆಯದನ್ನು ಎಸೆಯಬೇಕಾಗಬಹುದು. ಹೋಲ್ಡ್ ಎಂಬ ಮಾತು ಕೇಳಿದರೆ ಅನುಭವಿಗಳೂ ಬೆಚ್ಚುವುದು ಇದೇ ಕಾರಣದಿಂದ.

ಮೂರನೆಯ ಉದಾಹರಣೆ ಲೆಕ್ಕದ್ದು. ಒಂದು ಕಡೆಯಿಂದ ವೇಗವಾಗಿ ಮಾಹಿತಿ ಬರುತ್ತದೆ, ಇನ್ನೊಂದು ಕಡೆಗೆ ನಿಧಾನವಾಗಿ ಹೋಗುತ್ತದೆ. ನಡುವೆ ಎಷ್ಟು ದೊಡ್ಡ ಸಂಗ್ರಹ ಬೇಕು? ಬರುವುದು ಸೆಕೆಂಡಿಗೆ 8 ಕೋಟಿ, ಹೋಗುವುದು 5 ಕೋಟಿ, ಒಟ್ಟು ಬರುವ ಪದಗಳು 120 ಎಂದು ಅಭ್ಯರ್ಥಿಯ ಮುಂದಿಟ್ಟರೆ ಸಂಖ್ಯೆಗಳ ಗಾತ್ರಕ್ಕೇ ಹೆದರುವವರಿದ್ದಾರೆ. ಹಿತ್ತಲಿನ ತೊಟ್ಟಿಯನ್ನು ನೆನೆದರೆ ಸಾಕು. ಕೊಳಾಯಿಯಿಂದ ನಿಮಿಷಕ್ಕೆ 8 ಕೊಡ ಬೀಳುತ್ತದೆ, ಮನೆಯವರು ನಿಮಿಷಕ್ಕೆ 5 ಕೊಡ ತುಂಬಿಕೊಳ್ಳುತ್ತಾರೆ. 120 ಕೊಡ ಬೀಳಲು 15 ನಿಮಿಷ. ಅಷ್ಟರಲ್ಲಿ 75 ಕೊಡ ಖಾಲಿ. ತೊಟ್ಟಿಯಲ್ಲಿ ಉಳಿಯಬೇಕಾದದ್ದು 45. ಬಿಲ್ಲೆಯ ಸಂಗ್ರಹಕ್ಕೂ 45 ಸ್ಥಾನಗಳು ಬೇಕು. ನಾಲ್ಕು ನ್ಯಾಂಡ್ ಗೇಟುಗಳಿಂದ ಒಂದು ಎಕ್ಸ್‌ಆರ್ ಗೇಟನ್ನು ರಚಿಸುವುದು, ಗಡಿಯಾರದ ಮಿಡಿತವನ್ನು ಮೂರರಿಂದ ಭಾಗಿಸುವುದು, ಬೇರೆ ಬೇರೆ ಗಡಿಯಾರಗಳ ನಡುವೆ ಸಂಕೇತವನ್ನು ಸುರಕ್ಷಿತವಾಗಿ ದಾಟಿಸುವುದು ಇತ್ಯಾದಿಗಳೂ ಇಂಥವೇ.

ಸಂದರ್ಶಕನು ಉತ್ತರವನ್ನಷ್ಟೇ ನೋಡುವುದಿಲ್ಲ, ಉತ್ತರದ ಕಡೆಗೆ ನಡೆಯುವ ನಡಿಗೆಯನ್ನು ನೋಡುತ್ತಾನೆ. ಆದ್ದರಿಂದ ಮನಸ್ಸಿನಲ್ಲಿ ನಡೆಯುವ ಆಲೋಚನೆಯನ್ನು ಬಾಯಿಬಿಟ್ಟು ಹೇಳುತ್ತಾ ಹೋಗಬೇಕು, ಕಾಗದದ ಮೇಲೆ ಅಲೆಯ ಚಿತ್ರ ಬರೆದು ತೋರಿಸಬೇಕು. ಗುರುಗಳ ಎದುರು ಕೇಳಿದ್ದಕ್ಕಷ್ಟೇ ಉತ್ತರಿಸಿ ತಲೆತಗ್ಗಿಸಿ ನಿಲ್ಲುವುದನ್ನು ವಿನಯವೆಂದು ಕಲಿತು ಬಂದ ಮಕ್ಕಳಿಗೆ ಇದು ಅಭ್ಯಾಸವಿಲ್ಲ. ಅವರ ಮೌನವನ್ನು ಅಜ್ಞಾನವೆಂದು ಎದುರಿನವರು ತಿಳಿದುಬಿಡುತ್ತಾರೆ. ತರಗತಿಯಲ್ಲಿ ‘ನೀನು ಹೇಗೆ ಯೋಚಿಸಿದೆ, ಹಲಗೆಯ ಮೇಲೆ ಬರೆದು ಹೇಳು’ ಎಂದು ಒತ್ತಾಯಿಸುವ ಉಪಾಧ್ಯಾಯರು ಈ ತೊಡಕನ್ನು ಹದಿಮೂರನೆಯ ವಯಸ್ಸಿನಲ್ಲಿಯೇ ನಿವಾರಿಸಬಲ್ಲರು. ತಿಳಿಯದಿದ್ದರೆ ‘ತಿಳಿಯದು ಸರ್, ಆದರೆ ಹೀಗಿರಬಹುದೆಂದು ತೋರುತ್ತದೆ’ ಎಂದರೆ ಅಂಕ ಹೋಗುವುದಿಲ್ಲ. ತಿಳಿದಂತೆ ನಟಿಸಿದರೆ ಹೋಗುತ್ತದೆ. ಅರ್ಜಿಯಲ್ಲಿ ನಮೂದಿಸಿದ ಪ್ರತಿಯೊಂದು ಶಬ್ದವೂ ಪ್ರಶ್ನೆಯಾಗಿ ಹಿಂದಿರುಗುವ ಕಾರಣ, ಹಣ ಕೊಟ್ಟು ತಂದ ಪ್ರಾಜೆಕ್ಟು ಐದು ನಿಮಿಷವೂ ನಿಲ್ಲುವುದಿಲ್ಲ. ಸ್ವಂತ ಕೈಯಿಂದ ಮಾಡಿ ಕೆಟ್ಟುಹೋದ ಸಣ್ಣ ಪ್ರಯೋಗ ಅದಕ್ಕಿಂತ ಬೆಲೆಯುಳ್ಳದ್ದು. ಏಕೆ ಕೆಟ್ಟಿತೆಂದು ವಿವರಿಸುವವನನ್ನು ಸಂದರ್ಶಕರು ಆಸಕ್ತಿಯಿಂದ ಕೇಳುತ್ತಾರೆ.

ಇಂಗ್ಲಿಷಿನ ಭೀತಿಯ ವಿಷಯವನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯವರೆಗೆ ಓದಿದವರು ಈ ಉದ್ಯಮಕ್ಕೆ ಅನರ್ಹರೆಂಬ ಮಾತು ಆಗಾಗ ಕೇಳಿಬರುತ್ತದೆ. ಅದು ನಿಜವಲ್ಲ, ಆದರೆ ಭಾಷೆಯ ತೊಡಕೇ ಇಲ್ಲವೆಂಬುದೂ ನಿಜವಲ್ಲ. ಪಾರಿಭಾಷಿಕ ಪದಗಳು ಇಂಗ್ಲಿಷಿನವು, ಸಭೆಗಳೂ ಪತ್ರಗಳೂ ಆ ಭಾಷೆಯವೇ. ತಾಂತ್ರಿಕ ಸಂದರ್ಶನಕ್ಕೆ ಬೇಕಾದದ್ದು ಅಲಂಕಾರದ ಇಂಗ್ಲಿಷಲ್ಲ, ಚಿಕ್ಕ ಚಿಕ್ಕ ವಾಕ್ಯಗಳ ನೇರ ಇಂಗ್ಲಿಷು. ವಿಷಯವನ್ನು ಕನ್ನಡದಲ್ಲಿ ಬುಡಸಮೇತ ಅರಿತವನು ಆರು ತಿಂಗಳ ಅಭ್ಯಾಸದಿಂದ ಅದನ್ನು ಗಳಿಸಿಕೊಳ್ಳಬಲ್ಲ. ನಿರರ್ಗಳ ಇಂಗ್ಲಿಷಿನಲ್ಲಿ ಅರ್ಥವಾಗದ ವಿಷಯವನ್ನು ಒಪ್ಪಿಸುವವನ ಕಷ್ಟವೇ ಹೆಚ್ಚಿನದು.

ಪದವಿಯ ನಂತರ ಕೆಲಸ ಸಿಗದವರನ್ನು ಸೆಳೆಯುವ ತರಬೇತಿ ಕೇಂದ್ರಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಇವುಗಳಲ್ಲಿ ಒಳ್ಳೆಯವೂ ಇವೆ. ಆದರೆ ಲಕ್ಷಾಂತರ ರೂಪಾಯಿ ಮುಂಗಡ ಪಡೆದು ‘ಉದ್ಯೋಗ ಖಚಿತ’ ಎಂದು ಬರೆದುಕೊಡುವ ಮಾತನ್ನು ನಂಬಿ ಹೊಲವನ್ನು ಅಡವಿಡುವ ಮೊದಲು, ಅಲ್ಲಿ ಕಲಿತವರು ಈಗ ಎಲ್ಲಿದ್ದಾರೆಂದು ಹೆಸರು ಹಿಡಿದು ವಿಚಾರಿಸತಕ್ಕದ್ದು. ಅಲ್ಲಿ ಕಲಿಸುವ ಬಹುಪಾಲು ವಿಷಯ ಇಂದು ಖರ್ಚಿಲ್ಲದೆ ದೊರೆಯುತ್ತದೆ. ಐ.ಐ.ಟಿ. ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರ ಉಪನ್ಯಾಸಗಳು ಎನ್.ಪಿ.ಟಿ.ಇ.ಎಲ್. ಎಂಬ ಯೋಜನೆಯಲ್ಲಿ ಉಚಿತ. ವೆರಿಲಾಗ್ ಬರೆದು ಪರೀಕ್ಷಿಸಲು ಐಕಾರಸ್, ವಿದ್ಯುನ್ಮಂಡಲವನ್ನು ಗಣಕದಲ್ಲಿ ಅನುಕರಿಸಲು ಎನ್‌ಜಿ-ಸ್ಪೈಸ್ ಎಂಬ ಉಚಿತ ಉಪಕರಣಗಳಿವೆ. 2020ರಲ್ಲಿ ಗೂಗಲ್ ಮತ್ತು ಸ್ಕೈವಾಟರ್ ಕಂಪನಿಗಳು ಸೇರಿ 130 ನ್ಯಾನೊಮೀಟರ್ ತಯಾರಿಕೆಯ ವಿವರಗಳನ್ನು ಸಾರ್ವಜನಿಕಗೊಳಿಸಿದ ಮೇಲೆ ನಿಜವಾದ ಬಿಲ್ಲೆಯ ವಿನ್ಯಾಸವನ್ನು ಮನೆಯಲ್ಲಿ ಕುಳಿತು ಅಭ್ಯಸಿಸುವುದೂ ಸಾಧ್ಯವಾಗಿದೆ. ಕೇಂದ್ರ ಸರ್ಕಾರದ ‘ಚಿಪ್ಸ್ ಟು ಸ್ಟಾರ್ಟಪ್’ ಯೋಜನೆಯು ಐದು ವರ್ಷಗಳಲ್ಲಿ 85,000 ಮಂದಿಯನ್ನು ತಯಾರುಮಾಡುವ ಗುರಿಯಿಟ್ಟು, ದುಬಾರಿ ವಿನ್ಯಾಸ ತಂತ್ರಾಂಶಗಳನ್ನು ಬೆಂಗಳೂರಿನ ಸಿ-ಡ್ಯಾಕ್ ಕೇಂದ್ರದ ಮೂಲಕ ಕಾಲೇಜುಗಳಿಗೆ ಒದಗಿಸುತ್ತದೆ. ಅರ್ಜಿ ಹಾಕುವ ಶ್ರಮ ಕಾಲೇಜಿನವರದು.

ದೇಶದ ಬಿಲ್ಲೆಗಳೂ ರೂಪುಗೊಳ್ಳುತ್ತಿವೆ. ಮೊಹಾಲಿಯ ಅದೇ ಕಾರ್ಖಾನೆಯಲ್ಲಿ, ಬೆಂಕಿಯಿಂದ ಮೇಲೆದ್ದ ಬಳಿಕ, 180 ನ್ಯಾನೊಮೀಟರ್ ವಿಧಾನದಲ್ಲಿ ಬಾಹ್ಯಾಕಾಶ ಸಂಸ್ಥೆಗಾಗಿ ತಯಾರಾದ ವಿಕ್ರಮ್-3201 ಎಂಬ 32 ಬಿಟ್ ಸಂಸ್ಕಾರಕವನ್ನು 2025ರ ಸೆಪ್ಟೆಂಬರಿನಲ್ಲಿ ದೆಹಲಿಯಲ್ಲಿ ಪ್ರದರ್ಶಿಸಲಾಯಿತು. ಕೈಫೋನಿನ ಬಿಲ್ಲೆಯೊಡನೆ ಅದು ವೇಗದಲ್ಲಿ ಸ್ಪರ್ಧಿಸಲಾರದು. ಉಡಾವಣಾ ವಾಹನದ ತಾಪ ಕಂಪನಗಳನ್ನು ತಾಳಿಕೊಂಡು ತಪ್ಪದೆ ನಡೆಯುವುದಷ್ಟೇ ಅದರ ಧರ್ಮ.

ದಾನಿಗಳು ಶಾಲೆಗೆ ಕೊಠಡಿ ಕಟ್ಟಿಸಿಕೊಡುವುದು ಹಿಂದಿನಿಂದ ಬಂದ ಪದ್ಧತಿ. ಕೊಠಡಿಯ ಮೇಲೆ ಹೆಸರು ಕೆತ್ತಿಸಬಹುದು, ಆಸಿಲೊಸ್ಕೋಪಿನ ಮೇಲೆ ಕೆತ್ತಿಸಲಾಗದು ಎಂಬುದು ನಿಜವೇ. ಆದರೆ ಒಂದು ಕೊಠಡಿಯ ವೆಚ್ಚದ ಸಣ್ಣ ಪಾಲಿನಲ್ಲಿ ಹತ್ತು ಎಫ್.ಪಿ.ಜಿ.ಎ. ಹಲಗೆಗಳನ್ನೂ ಎರಡು ಅಳತೆಯ ಉಪಕರಣಗಳನ್ನೂ ಕೊಳ್ಳಬಹುದು. ವಿದ್ಯಾರ್ಥಿಯು ಬರೆದ ತರ್ಕವನ್ನು ಆ ಹಲಗೆಯು ಕೂಡಲೇ ಯಂತ್ರವಾಗಿ ಮಾರ್ಪಡಿಸಿ ದೀಪ ಹೊತ್ತಿಸಿ ತೋರಿಸುತ್ತದೆ. ಅಳಿಸಿ ಮತ್ತೆ ಬರೆಯಬಹುದಾದ್ದರಿಂದ ಅದು ಬಿಲ್ಲೆಯ ಸ್ಲೇಟು. ಗೇಟ್ ಪರೀಕ್ಷೆಗೆ ಓದುವ ಒಂದು ವರ್ಷದ ಊಟ, ವಸತಿ, ಪುಸ್ತಕಗಳ ವೆಚ್ಚವನ್ನು ವಹಿಸಿಕೊಳ್ಳುವುದು ಇನ್ನೊಂದು ಮಾರ್ಗ. ಪದವಿ ಮುಗಿದೊಡನೆ ಮನೆಗೆ ಹಣ ಕಳುಹಿಸಲೇಬೇಕಾದ ಹುಡುಗ ಹುಡುಗಿಯರು ಸಿಕ್ಕಿದ ಕೆಲಸಕ್ಕೆ ಸೇರಿಬಿಡುವುದು ಆ ಒಂದು ವರ್ಷದ ಅಭಾವದಿಂದಲೇ. ಇನ್ನು ಈ ಉದ್ಯಮದಲ್ಲಿ ಈಗಾಗಲೇ ನೆಲೆಯೂರಿರುವ ಹಳೆಯ ವಿದ್ಯಾರ್ಥಿಗಳಿಂದ ಬೇಕಾದದ್ದು ಹಣಕ್ಕಿಂತ ಸಮಯ. ಬೆಂಗಳೂರಿನಿಂದ ಶ್ರವಣಬೆಳಗೊಳದ ಮಾರ್ಗವಾಗಿ ಹಾಸನಕ್ಕೆ ನೇರ ರೈಲು 2017ರಿಂದ ಓಡುತ್ತಿದೆ. ತಿಂಗಳಿಗೊಂದು ಶನಿವಾರ ಬಂದು, ನಾಲ್ಕು ಮಂದಿಯನ್ನು ಎದುರಿಗೆ ಕೂರಿಸಿಕೊಂಡು, ನಿಜವಾದ ಸಂದರ್ಶನದಂತೆಯೇ ಇನ್ವರ್ಟರಿನಿಂದ ಆರಂಭಿಸಿ ಪ್ರಶ್ನೆ ಕೇಳಿ, ಉತ್ತರ ತಪ್ಪಿದಲ್ಲಿ ಏಕೆ ತಪ್ಪಿತೆಂದು ಕನ್ನಡದಲ್ಲಿ ತಿಳಿಸಿ, ಅದೇ ಸಂಜೆಯ ಬಸ್ಸಿಗೆ ಹಿಂದಿರುಗಬಹುದು.